ಹಳೆಯ ಕಾರು ಕಲಿಸಿದ ಪಾಠಗಳು

ಓಡದೆ ನಿಂತ ಹಳೆಯ ಯಂತ್ರವನ್ನು ಕಂಡೊಡನೆ ಅದನ್ನು ಬಿಚ್ಚಿ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಬಿಚ್ಚುವುದಕ್ಕೆ ಒಂದು ಸ್ಪ್ಯಾನರ್ ಸಾಕು. ಬಿಚ್ಚಿದುದನ್ನು ಮತ್ತೆ ಕೂಡಿಸಿ ಓಡುವಂತೆ ಮಾಡಬೇಕಾದರೆ ಸ್ಪ್ಯಾನರಿನೊಡನೆ ಭೌತವಿಜ್ಞಾನವೂ ರಸಾಯನವಿಜ್ಞಾನವೂ ಬೇಕಾಗುತ್ತವೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 1934ರ ಒಂದು ಆಸ್ಟಿನ್ ಸೆವೆನ್ ಕಾರನ್ನು ದುರಸ್ತು ಮಾಡಲು ಹೊರಟು, ಒಂದಾದ ಮೇಲೊಂದು ತಪ್ಪು ಮಾಡಿ, ಕೈ ಸುಟ್ಟುಕೊಂಡು ಕಲಿತೆವು.

ಮಲೆನಾಡಿನ ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ, ಅಡಕೆಯ ಮೂಟೆಗಳ ಹಿಂದೆ, ನಲವತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಳೆದಿದ್ದ ಗಾಡಿ ಅದು. ಅದರ ಒಡೆಯರು ನಿವೃತ್ತ ಉಪಾಧ್ಯಾಯರು. ಕಾರನ್ನು ಕೊಂಡಿದ್ದವರು ಅವರ ತಂದೆ. "ನೋಡಿಯಪ್ಪಾ, ಇದನ್ನು ಮತ್ತೆ ಓಡಿಸಿದರೆ ಸಂತೋಷ. ಓಡದಿದ್ದರೂ ಚಿಂತೆಯಿಲ್ಲ, ಈಗಿರುವುದಕ್ಕಿಂತ ಕೆಡಿಸಬೇಡಿ" ಎಂದು ಹೇಳಿ ಮೇಷ್ಟ್ರು ಕೊಟ್ಟಿಗೆಯ ಬೀಗದ ಕೈಯನ್ನು ನಮಗಿತ್ತರು. ನಾವು ಮೂವರೂ ಕಾಲೇಜಿನಲ್ಲಿ ವಿಜ್ಞಾನ ಓದಿದವರು. ಗ್ಯಾರೇಜಿನ ಕೆಲಸದಲ್ಲಿ ಪಳಗಿದವರಲ್ಲ. ಕೆಡಿಸುವುದಿಲ್ಲವೆಂದು ಮಾತು ಕೊಟ್ಟೆವು. ಆ ಮಾತನ್ನು ಪೂರ್ತಿಯಾಗಿ ಉಳಿಸಿಕೊಳ್ಳಲು ನಮ್ಮಿಂದಾಗಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು.

ಕಾರಿನ ಹಿನ್ನೆಲೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಳಿ ಲಾಂಗ್‌ಬ್ರಿಜ್ ಎಂಬಲ್ಲಿದ್ದ ಕಾರ್ಖಾನೆಯಲ್ಲಿ ಹರ್ಬರ್ಟ್ ಆಸ್ಟಿನ್ ಎಂಬವನು 1922ರಲ್ಲಿ ಈ ಪುಟ್ಟ ಕಾರನ್ನು ಹೊರತಂದನು. ಸಾಧಾರಣ ಸಂಪಾದನೆಯ ಸಂಸಾರವೂ ಕಾರು ಇಟ್ಟುಕೊಳ್ಳುವಂತಾಗಬೇಕೆಂಬುದು ಅವನ ಉದ್ದೇಶವಾಗಿತ್ತು. ಕಂಪನಿಯ ನಿರ್ದೇಶಕರಿಗೆ ಈ ಯೋಜನೆಯಲ್ಲಿ ನಂಬಿಕೆಯಿರಲಿಲ್ಲ. ಆದುದರಿಂದ ಅವನು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ತನ್ನ ಮನೆಗೇ ಕರೆಸಿಕೊಂಡು ಅಲ್ಲಿ ನಕ್ಷೆಗಳನ್ನು ಸಿದ್ಧಪಡಿಸಿದನು. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಜರ್ಮನಿಯಲ್ಲಿ ಇದೇ ಕಾರು ಪರವಾನಗಿಯ ಮೇಲೆ 'ಡಿಕ್ಸಿ' ಎಂಬ ಹೆಸರಿನಲ್ಲಿ ತಯಾರಾಯಿತು. ಬಿ.ಎಂ.ಡಬ್ಲ್ಯು. ಕಂಪನಿ 1928ರಲ್ಲಿ ಆ ಕಾರ್ಖಾನೆಯನ್ನು ಕೊಂಡುಕೊಂಡಿತು. ಆ ಕಂಪನಿಯ ಮೊದಲ ಕಾರು ಇದೇ ಆಯಿತು.

ಬ್ರಿಟನ್ನಿನ ಹಳೆಯ ಕಾರುಗಳ ಅಭಿಮಾನಿಗಳು 1919ರಿಂದ 1930ರವರೆಗಿನವನ್ನು ಮಾತ್ರ 'ವಿಂಟೇಜ್' ಎನ್ನುವುದುಂಟು. ನಮ್ಮ ದೇಶದಲ್ಲಿ 2021ರಲ್ಲಿ ತಿದ್ದುಪಡಿಯಾದ ನಿಯಮದಂತೆ, ಮೊದಲು ನೋಂದಣಿಯಾಗಿ ಐವತ್ತು ವರ್ಷ ಕಳೆದ ದ್ವಿಚಕ್ರ, ಚತುಶ್ಚಕ್ರ ವಾಹನಗಳು ಮೂಲರೂಪವನ್ನು ಉಳಿಸಿಕೊಂಡಿದ್ದರೆ ಆ ಹೆಸರಿಗೆ ಅರ್ಹವಾಗುತ್ತವೆ.

ಈ ಕಾರಿನ ಎಂಜಿನು ಕೇವಲ 747 ಘನ ಸೆಂಟಿಮೀಟರಿನದು. ಅದರ ತಳಪೆಟ್ಟಿಗೆ ಅಲ್ಯೂಮಿನಿಯಮ್ಮಿನದು. ಅದರ ಮೇಲೆ ಕುಳಿತಿರುವ ನಾಲ್ಕು ಸಿಲಿಂಡರುಗಳ ದಿಮ್ಮಿ ಬೀಡು ಕಬ್ಬಿಣದ್ದು. ಒಳಗೆ ತಿರುಗುವ ಕೆಲವು ಭಾಗಗಳಿಗೆ ಬಿಳಿ ಲೋಹದ ಬೇರಿಂಗುಗಳಿವೆ. ಎಂಜಿನನ್ನು ತಂಪುಮಾಡುವ ನೀರನ್ನು ಸುತ್ತಿಸಲು ಪಂಪೇ ಇಲ್ಲ. ಈ ನಾಲ್ಕು ಸಂಗತಿಗಳನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಷ್ಟಗಳಲ್ಲಿ ಹೆಚ್ಚಿನವು ಇವುಗಳಿಂದಲೇ ಹುಟ್ಟಿದವು.

ಎರಡು ಲೋಹಗಳ ಜಗಳ

ಮೊದಲ ದಿನವೇ ಎಂಜಿನನ್ನು ಬಿಚ್ಚಲಾರಂಭಿಸಿದೆವು. ಸಿಲಿಂಡರುಗಳ ದಿಮ್ಮಿಯನ್ನು ತಳಪೆಟ್ಟಿಗೆಗೆ ಬಿಗಿದಿದ್ದ ಉಕ್ಕಿನ ಸ್ಟಡ್ಡುಗಳಲ್ಲಿ ಒಂದು ಕದಲಲಿಲ್ಲ. ಸ್ಪ್ಯಾನರಿಗೆ ಒಂದು ಕೊಳವೆಯನ್ನು ಸಿಕ್ಕಿಸಿ ಉದ್ದಮಾಡಿಕೊಂಡು ಇಬ್ಬರು ಒಟ್ಟಿಗೆ ಎಳೆದೆವು. ಸ್ಟಡ್ಡು ಹೊರಗೆ ಬಂದಿತು. ಜೊತೆಗೆ ಅಲ್ಯೂಮಿನಿಯಮ್ಮಿನ ತಿರುಪಿನ ಸುತ್ತುಗಳನ್ನೂ ಕಿತ್ತುಕೊಂಡು ಬಂದಿತು.

ಹೀಗೇಕಾಯಿತು? ಉಕ್ಕು ಮತ್ತು ಅಲ್ಯೂಮಿನಿಯಂ ಒಂದನ್ನೊಂದು ಮುಟ್ಟಿಕೊಂಡಿದ್ದು, ನಡುವೆ ತೇವವೂ ಸೇರಿದರೆ, ಅದೊಂದು ಚಿಕ್ಕ ವಿದ್ಯುತ್ಕೋಶವಾಗುತ್ತದೆ. ಪ್ರಯೋಗಶಾಲೆಯಲ್ಲಿ ಸತು ಮತ್ತು ತಾಮ್ರದ ಪಟ್ಟಿಗಳನ್ನು ಆಮ್ಲದಲ್ಲಿ ಅದ್ದಿದಾಗ ಸತು ಕರಗುವಂತೆ, ಇಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಅದರಿಂದ ಹುಟ್ಟುವ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಕಬ್ಬಿಣದ ತುಕ್ಕಿನ ಗುಣವೂ ಅದೇ. ಜಾಗವಿಲ್ಲದ ಕಡೆ ಉಬ್ಬಿದ ಈ ವಸ್ತು ಸ್ಟಡ್ಡನ್ನು ಗಾರೆ ಹಾಕಿದಂತೆ ಹಿಡಿದುಬಿಡುತ್ತದೆ. ನಲವತ್ತು ಮಳೆಗಾಲಗಳ ಕೆಲಸವನ್ನು ನಾವು ಅರ್ಧ ಗಂಟೆಯಲ್ಲಿ ಅಳಿಸಹೊರಟಿದ್ದೆವು.

ಉಳಿದ ಸ್ಟಡ್ಡುಗಳ ವಿಷಯದಲ್ಲಿ ಬಲಕ್ಕೆ ಬದಲು ಲೆಕ್ಕವನ್ನು ಉಪಯೋಗಿಸಿದೆವು. ಉಷ್ಣತೆ ಒಂದು ಡಿಗ್ರಿ ಏರಿದಾಗ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹಿಗ್ಗುತ್ತದೆ. ಉಕ್ಕು ಸುಮಾರು 12 ಭಾಗದಷ್ಟು ಮಾತ್ರ. ಎಂಟು ಮಿಲಿಮೀಟರಿನ ರಂಧ್ರವನ್ನು ನೂರು ಡಿಗ್ರಿ ಬಿಸಿಮಾಡಿದರೆ, ರಂಧ್ರ ಸ್ಟಡ್ಡಿಗಿಂತ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಹೆಚ್ಚು ಹಿಗ್ಗೀತು. ಇದು ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಆದರೂ ಒಣಗಿದ ಪೊರೆಯನ್ನು ಬಿರಿಯಿಸಲು ಸಾಕು. ತೆಳುವಾದ ಎಣ್ಣೆಯನ್ನು ದಿನವೂ ಹಾಕುತ್ತ, ಪೆಟ್ಟಿಗೆಯನ್ನು ನಿಧಾನವಾಗಿ ಬಿಸಿಮಾಡಿ ಆರಿಸುತ್ತ ಒಂದು ವಾರ ಕಾದೆವು. ಉಳಿದವೆಲ್ಲ ಸಾಧಾರಣ ಸ್ಪ್ಯಾನರಿಗೆ ಮಣಿದು ಹೊರಬಂದವು.

ಸರಿಹೊಂದಿದಂತೆ ತೋರುವ ಬೋಲ್ಟು

ಎರಡನೆಯ ತಪ್ಪು ಇನ್ನೂ ಚಿಕ್ಕದಾಗಿ ಕಂಡಿತು. ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದಿದ್ದೆವು. ಜೋಡಿಸುವಾಗ 5/16 ಅಂಗುಲದ ಒಂದು ಬೋಲ್ಟು ಸಿಗಲಿಲ್ಲ. ಅಂಗಡಿಯಿಂದ ತಂದ ಎಂಟು ಮಿಲಿಮೀಟರಿನ ಬೋಲ್ಟು ಆ ರಂಧ್ರದಲ್ಲಿ ಎರಡು ಮೂರು ಸುತ್ತು ಸರಾಗವಾಗಿ ಇಳಿಯಿತು. ಅನಂತರ ಬಿಗಿಯಾಯಿತು. ಬಿಗಿಯಾದುದೇ ಒಳ್ಳೆಯದೆಂದು ಇನ್ನಷ್ಟು ತಿರುಗಿಸಿದೆವು. ರಂಧ್ರ ಕೆಟ್ಟಿತು.

5/16 ಅಂಗುಲವೆಂದರೆ 7.94 ಮಿಲಿಮೀಟರು, ಎಂಟಕ್ಕೂ ಇದಕ್ಕೂ ಕಣ್ಣಿಗೆ ಭೇದವಿಲ್ಲ. ಆದರೆ ಬ್ರಿಟಿಷ್ ಪದ್ಧತಿಯ ಸೂಕ್ಷ್ಮ ತಿರುಪಿನಲ್ಲಿ ಅಂಗುಲಕ್ಕೆ 22 ಸುತ್ತುಗಳು, ಅಂದರೆ ಸುತ್ತಿನಿಂದ ಸುತ್ತಿಗೆ 1.15 ಮಿಲಿಮೀಟರು. ಮೆಟ್ರಿಕ್ ಬೋಲ್ಟಿನಲ್ಲಿ ಈ ಅಂತರ 1.25 ಮಿಲಿಮೀಟರು. ಹತ್ತು ಸುತ್ತು ಕಳೆಯುವಷ್ಟರಲ್ಲಿ ವ್ಯತ್ಯಾಸ ಹೆಚ್ಚುಕಡಮೆ ಒಂದು ಇಡೀ ಸುತ್ತಿನಷ್ಟಾಗುತ್ತದೆ. ಸುತ್ತಿನ ಕೋನವೂ ಬೇರೆ: ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಬ್ರಿಟಿಷ್ ಪದ್ಧತಿಯಲ್ಲಿ 55 ಡಿಗ್ರಿ, ಮೆಟ್ರಿಕ್ ಪದ್ಧತಿಯಲ್ಲಿ 60 ಡಿಗ್ರಿ. ಉಕ್ಕಿನ ಬೋಲ್ಟು ಮೆದುವಾದ ಅಲ್ಯೂಮಿನಿಯಮ್ಮನ್ನು ತನ್ನ ಆಕಾರಕ್ಕೆ ಕೊರೆದು ಹಾಳುಮಾಡಿತು. ಕೆಟ್ಟ ರಂಧ್ರವನ್ನು ದೊಡ್ಡದು ಮಾಡಿ, ಸುರುಳಿ ಸುತ್ತಿದ ಉಕ್ಕಿನ ತಂತಿಯ ಒಳಪದರವನ್ನು ಕೂರಿಸಿ ಸರಿಪಡಿಸಬೇಕಾಯಿತು. ಅಂದಿನಿಂದ ಒಂದೊಂದು ಭಾಗವನ್ನು ಬಿಚ್ಚುವ ಮುನ್ನ ಚಿತ್ರ ತೆಗೆದು, ಬೋಲ್ಟುಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ, ಅದರದರ ಸ್ಥಾನವನ್ನು ಒಂದು ನೋಟುಪುಸ್ತಕದಲ್ಲಿ ಬರೆಯತೊಡಗಿದೆವು.

ನಡುರಾತ್ರಿ ಮುರಿದ ಕಮಾನು

ಮೂರನೆಯ ತಪ್ಪಿನಲ್ಲಿ ಪ್ರಾಣಾಪಾಯವೇ ಇತ್ತು. ಈ ಕಾರಿನ ಮುಂದಿನ ಭಾರವನ್ನು ಅಡ್ಡಲಾಗಿ ಕೂರಿಸಿದ ಒಂದು ಕಮಾನು ಪಟ್ಟಿ ಹೊರುತ್ತದೆ. ಅದರ ಪಟ್ಟಿಗಳಿಗೆ ದಟ್ಟವಾಗಿ ತುಕ್ಕು ಹಿಡಿದಿತ್ತು. ಉಜ್ಜುವ ಶ್ರಮವನ್ನು ಉಳಿಸಲು ಅವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆವು. ಬೆಳಗ್ಗೆ ಪಟ್ಟಿಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ತೊಳೆದು, ಎಣ್ಣೆ ಸವರಿ, ಕಟ್ಟಿ, ಗಾಡಿಯ ಭಾರವನ್ನು ಅದರ ಮೇಲಿಳಿಸಿ ಮನೆಗೆ ಹೋದೆವು. ನಡುರಾತ್ರಿ ಕೊಟ್ಟಿಗೆಯಲ್ಲಿ ಕೋವಿಯ ಸದ್ದು ಕೇಳಿಸಿತೆಂದು ಮರುದಿನ ಮೇಷ್ಟ್ರು ಹೇಳಿದರು. ಹೋಗಿ ನೋಡಿದರೆ ಮುಖ್ಯ ಪಟ್ಟಿ ಎರಡು ತುಂಡಾಗಿತ್ತು. ಹಿಂದಿನ ಸಂಜೆಯಷ್ಟೇ ನಮ್ಮಲ್ಲೊಬ್ಬನು ಅದರ ಕೆಳಗೆ ಮಲಗಿ ನಟ್ಟುಗಳನ್ನು ಬಿಗಿದಿದ್ದನು.

ಯಾರೂ ಮುಟ್ಟದ ಉಕ್ಕು ತಾನಾಗಿ ಮುರಿದುದೇಕೆ? ಆಮ್ಲವು ಕಬ್ಬಿಣದೊಡನೆ ವರ್ತಿಸಿದಾಗ ಜಲಜನಕ ಹುಟ್ಟುತ್ತದೆ. ಅದರಲ್ಲಿ ಬಹುಭಾಗ ಗುಳ್ಳೆಗಳಾಗಿ ಹೊರಟುಹೋದರೂ, ಸ್ವಲ್ಪ ಭಾಗ ಬಿಡಿ ಪರಮಾಣುಗಳ ರೂಪದಲ್ಲಿ ಉಕ್ಕಿನೊಳಕ್ಕೆ ಇಳಿಯುತ್ತದೆ. ಜಲಜನಕದ ಪರಮಾಣು ಬಹಳ ಚಿಕ್ಕದು. ಕಬ್ಬಿಣದ ಪರಮಾಣುಗಳ ಸಂದಿಯಲ್ಲಿ ಅದು ಸಲೀಸಾಗಿ ಸಂಚರಿಸಬಲ್ಲದು. ಉಕ್ಕಿನ ಮೇಲೆ ಎಳೆತವಿದ್ದಾಗ, ಎಳೆತ ಅತ್ಯಧಿಕವಾಗಿರುವ ಜಾಗದಲ್ಲಿ ಈ ಪರಮಾಣುಗಳು ಕೂಡಿಕೊಂಡು ಉಕ್ಕನ್ನು ಪೆಡಸುಮಾಡುತ್ತವೆ. ಕೂಡಿಕೊಳ್ಳುವುದಕ್ಕೆ ಕೆಲವು ಗಂಟೆಗಳು ಹಿಡಿಯುವುದರಿಂದ ಉಕ್ಕು ಕೂಡಲೇ ಮುರಿಯದೆ ತಡವಾಗಿ ಮುರಿಯುತ್ತದೆ. ಮೆದು ಉಕ್ಕಿಗೆ ಈ ಭಯ ಕಡಿಮೆ. ಕಮಾನಿನಂತಹ ಗಟ್ಟಿ ಉಕ್ಕಿಗೆ ಬಹಳ. ಡಬ್ಲ್ಯು. ಎಚ್. ಜಾನ್ಸನ್ ಎಂಬ ಇಂಗ್ಲೆಂಡಿನ ಸಂಶೋಧಕನು ಆಮ್ಲದಲ್ಲಿ ಅದ್ದಿದ ಕಬ್ಬಿಣ ಪೆಡಸಾಗುವುದನ್ನು 1875ರಲ್ಲಿಯೇ ವರದಿಮಾಡಿದ್ದನು. ನಾವು ಅದನ್ನು ಓದಿಕೊಂಡದ್ದು ಪಟ್ಟಿ ಮುರಿದ ಮೇಲೆ.

ಕಾರ್ಖಾನೆಗಳಲ್ಲಿ ಇಂತಹ ಗಟ್ಟಿ ಉಕ್ಕಿಗೆ ಲೋಹಲೇಪ ಕೊಟ್ಟ ಬಳಿಕ, ತಡಮಾಡದೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆಗಳ ಕಾಲ ಇಟ್ಟು ಜಲಜನಕವನ್ನು ಹೊರಡಿಸುತ್ತಾರೆ. ನಾವು ಆ ಪಟ್ಟಿಗಳನ್ನು ನಂಬುವ ಸಾಹಸಕ್ಕೆ ಹೋಗದೆ ಎಲ್ಲವನ್ನೂ ಹೊಸದಾಗಿ ಮಾಡಿಸಿದೆವು. ವಿದ್ಯುತ್ತನ್ನು ಹಾಯಿಸಿ ತುಕ್ಕು ತೆಗೆಯುವ ವಿಧಾನದಲ್ಲಿಯೂ ವಸ್ತುವಿನ ಮೇಲೆ ಜಲಜನಕವೇ ಹುಟ್ಟುವುದರಿಂದ ಅದೂ ಕಮಾನುಗಳಿಗೆ ಸಲ್ಲದು. ಆ ವಿಧಾನದಲ್ಲಿ ಧನಧ್ರುವಕ್ಕೆ ಸ್ಟೇನ್‌ಲೆಸ್ ಉಕ್ಕನ್ನು ಬಳಸಿದರೆ ಕ್ರೋಮಿಯಮ್ಮಿನ ವಿಷಲವಣಗಳು ದ್ರಾವಣದಲ್ಲಿ ಸೇರುತ್ತವೆಂಬುದನ್ನೂ ಎಳೆಯ ಓದುಗರು ತಿಳಿದಿರಬೇಕು. ಕಮಾನಿಗೆ ತಂತಿಯ ಬ್ರಷ್ಷು ಮತ್ತು ತೋಳಿನ ಬಲವೇ ಸರಿ.

ಸಂತೋಷ ಕೊಟ್ಟ ಸುಳ್ಳು ಮಾಪಕ

ಎರಡನೆಯ ವರ್ಷ ಎಂಜಿನಿಗೆ ಜೀವ ಬಂದಿತು. ಇದರೊಳಗೆ ಎಣ್ಣೆ ಹಂಚುವ ರೀತಿ ಸರಳವಾದುದು. ಪಂಪು ಎಣ್ಣೆಯನ್ನು ಎರಡು ಸಣ್ಣ ತೂತುಗಳ ಮೂಲಕ ಚಿಮ್ಮಿಸುತ್ತದೆ. ತಿರುಗುತ್ತಿರುವ ಕ್ರ್ಯಾಂಕ್ ಷಾಫ್ಟಿನ ಬಾಯಿಗಳು ಆ ಎಣ್ಣೆಯನ್ನು ಹಿಡಿದುಕೊಳ್ಳುತ್ತವೆ. ತಿರುಗುವಿಕೆಯ ವೇಗವೇ ಅದನ್ನು ಬೇರಿಂಗುಗಳಿಗೆ ಎಸೆಯುತ್ತದೆ. ತೂತುಗಳು ತೆರೆದೇ ಇರುವುದರಿಂದ, ಬಿಸಿಯಾದ ಎಂಜಿನಿನಲ್ಲಿ ಎಣ್ಣೆಯ ಒತ್ತಡ ಚದರಂಗುಲಕ್ಕೆ ಒಂದೆರಡು ಪೌಂಡಿನಷ್ಟಿದ್ದರೂ ಸಾಕು. ನಮ್ಮ ಮಾಪಕ ಅದಕ್ಕಿಂತ ಬಹಳ ಹೆಚ್ಚು ತೋರಿಸಿತು. ಪಂಪು ಹೊಸದರಂತಿದೆಯೆಂದು ಹಿಗ್ಗಿದೆವು.

ಹನ್ನೆರಡು ಕಿಲೋಮೀಟರು ಹೋಗುವಷ್ಟರಲ್ಲಿ ಎಂಜಿನಿನೊಳಗೆ ಟಕ ಟಕ ಎಂದು ಬಡಿತ ಕೇಳಿಸಿತು. ಬಿಚ್ಚಿ ನೋಡಿದರೆ ಒಂದು ಬೇರಿಂಗಿನ ಬಿಳಿ ಲೋಹ ಕರಗಿ ಹರಿದಿತ್ತು. ಎಣ್ಣೆ ಚಿಮ್ಮುವ ತೂತುಗಳಲ್ಲಿ ಕಪ್ಪು ಜಿಡ್ಡು ತುಂಬಿತ್ತು. ಹೊರಗನ್ನೆಲ್ಲ ಚೊಕ್ಕಟಮಾಡಿದ್ದ ನಾವು ಒಳಗಿನ ಎಣ್ಣೆಯ ದಾರಿಗಳನ್ನು ತೊಳೆದಿರಲಿಲ್ಲ. ಈಗಿನ ಎಂಜಿನ್ ಎಣ್ಣೆಗಳಲ್ಲಿ ಕೊಳೆ ಬಿಡಿಸುವ ದ್ರವ್ಯಗಳು ಬೆರೆತಿರುತ್ತವೆ. ಅವು ದಶಕಗಳಿಂದ ಅಂಟಿ ಕುಳಿತಿದ್ದ ಜಿಡ್ಡನ್ನು ಎಬ್ಬಿಸಿ ತೂತಿನ ಬಾಯಿಗೆ ತಂದಿದ್ದವು. ದಾರಿ ಮುಚ್ಚಿದುದರಿಂದಲೇ ಒತ್ತಡ ಏರಿತ್ತು! ಮಾಪಕ ನಿಜವನ್ನೇ ಹೇಳಿತ್ತು. ಅದರ ಅರ್ಥವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೆವು. ಒತ್ತಡ ಬೇರೆ, ಹರಿವು ಬೇರೆ. ನೀರಿನ ಕೊಳಾಯಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿ ನೋಡಿದವರಿಗೆ ಇದು ತಿಳಿದಿರುತ್ತದೆ.

ಬಿಳಿ ಲೋಹವನ್ನು ಬೇರಿಂಗಿಗೆ ಬಳಸಿದ ಕೀರ್ತಿ ಅಮೆರಿಕದ ಐಸಾಕ್ ಬ್ಯಾಬಿಟ್ಟನದು, ಕಾಲ 1839. ಉತ್ತಮ ದರ್ಜೆಯದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ಸುಮಾರು 240 ಡಿಗ್ರಿಯಲ್ಲಿ ಅದು ಕರಗತೊಡಗುತ್ತದೆ. ಇದು ದೋಷವಲ್ಲ, ಉಪಾಯ: ಎಣ್ಣೆ ತಪ್ಪಿದಾಗ ಅಗ್ಗದ ಬೇರಿಂಗು ಕರಗಿ, ದುಬಾರಿಯಾದ ಕ್ರ್ಯಾಂಕ್ ಷಾಫ್ಟು ಉಳಿಯುತ್ತದೆ. ನಮ್ಮದೂ ಹಾಗೆಯೇ ಉಳಿಯಿತು. ಬೇರಿಂಗನ್ನು ಹೊಸದಾಗಿ ಎರೆಯಿಸಿ, ಕೈಯಿಂದ ಕೆರೆದು ಸರಿಹೊಂದಿಸಲು ಮೂರು ತಿಂಗಳು ಹಿಡಿಯಿತು.

ತಣ್ಣೀರು ತಂದ ಬಿರುಕು

ಕೊನೆಯ ತಪ್ಪೇ ಎಲ್ಲಕ್ಕಿಂತ ದೊಡ್ಡದು. ಮೇಷ್ಟ್ರನ್ನು ಕೂರಿಸಿಕೊಂಡು ಘಟ್ಟದ ಏರಿನ ರಸ್ತೆಯಲ್ಲಿ ಹೊರಟಿದ್ದೆವು. ಅರ್ಧ ದಾರಿಯಲ್ಲಿ ರೇಡಿಯೇಟರು ಕುದಿದು ಹಬೆ ಉಗುಳಿತು. ಗಾಡಿ ನಿಲ್ಲಿಸಿ, ಪಕ್ಕದ ಝರಿಯಿಂದ ತಣ್ಣೀರು ತಂದು ಒಮ್ಮೆಗೇ ಸುರಿದೆವು. 'ಟಿಂಗ್' ಎಂದು ಒಂದು ಮೆಲುದನಿ ಕೇಳಿಸಿತು. ಸಿಲಿಂಡರುಗಳ ದಿಮ್ಮಿಯ ಪಕ್ಕದಲ್ಲಿ ಗೇಣುದ್ದದ ಕೂದಲೆಳೆಯಂತಹ ಗೆರೆಯಿಂದ ನೀರು ಜಿನುಗುತ್ತಿತ್ತು.

ಪಂಪಿಲ್ಲದ ಈ ಎಂಜಿನಿನಲ್ಲಿ ನೀರು ತಾನಾಗಿ ಸುತ್ತುತ್ತದೆ. ಬಿಸಿನೀರು ಹಗುರವಾದುದರಿಂದ ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ತಣಿದು, ಭಾರವಾಗಿ, ಕೆಳಗಿನಿಂದ ಎಂಜಿನಿಗೆ ಮರಳುತ್ತದೆ. ಈ ಚಾಲಕಶಕ್ತಿ ಎಷ್ಟು ಅಲ್ಪವೆಂಬುದನ್ನು ಲೆಕ್ಕಹಾಕಬಹುದು. ಒಂದು ಘನ ಮೀಟರು ನೀರಿನ ತೂಕ 90 ಡಿಗ್ರಿಯಲ್ಲಿ 965 ಕಿಲೋಗ್ರಾಂ, 60 ಡಿಗ್ರಿಯಲ್ಲಿ 983 ಕಿಲೋಗ್ರಾಂ. ಎರಡು ಕಂಬಗಳ ಎತ್ತರ 30 ಸೆಂಟಿಮೀಟರೆಂದು ಇಟ್ಟುಕೊಂಡರೆ, ನೀರನ್ನು ತಳ್ಳುವ ಒತ್ತಡ ಐದಾರು ಮಿಲಿಮೀಟರು ಎತ್ತರದ ನೀರಿನಷ್ಟು ಮಾತ್ರ! ರೇಡಿಯೇಟರಿನ ಕೊಳವೆಗಳಲ್ಲಿ ಗಡುಸು ನೀರಿನ ಸುಣ್ಣ ಸ್ವಲ್ಪ ಕಟ್ಟಿಕೊಂಡಿದ್ದರೂ ಹರಿವು ಕುಗ್ಗುತ್ತದೆ. ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಸುತ್ತೇ ಕಡಿದುಹೋಗುತ್ತದೆ. ನಮ್ಮ ಕಾರಿನಲ್ಲಿ ಎರಡೂ ಸಂಭವಿಸಿದ್ದವು.

ಇನ್ನು ಬಿರುಕಿನ ಮಾತು. ಕಾದ ಬೀಡು ಕಬ್ಬಿಣದ ಒಂದು ಭಾಗ ಥಟ್ಟನೆ ತಣ್ಣಗಾದರೆ ಅದು ಕುಗ್ಗಹೊರಡುತ್ತದೆ. ಸುತ್ತಲಿನ ಬಿಸಿ ಭಾಗ ಕುಗ್ಗಗೊಡುವುದಿಲ್ಲ. ನೂರು ಡಿಗ್ರಿಯ ವ್ಯತ್ಯಾಸಕ್ಕೆ ಚದರ ಮಿಲಿಮೀಟರಿಗೆ ಸುಮಾರು 110 ನ್ಯೂಟನ್ನಿನಷ್ಟು ಎಳೆತ ಉಂಟಾಗಬಹುದು. ಸಾಧಾರಣ ಬೀಡು ಕಬ್ಬಿಣ 150ರಿಂದ 250 ನ್ಯೂಟನ್ನಿನ ಎಳೆತಕ್ಕೆ ಮುರಿಯುತ್ತದೆ. ಒತ್ತಿದರೆ ಅದರ ಮೂರು ನಾಲ್ಕು ಪಟ್ಟು ತಾಳಿಕೊಳ್ಳುವ ಈ ಲೋಹ ಎಳೆದರೆ ದುರ್ಬಲ. ತುಕ್ಕು ತಿಂದು ತೆಳುವಾಗಿದ್ದ ಗೋಡೆಗೆ ಅಷ್ಟೇ ಸಾಕಾಯಿತು. ಅರ್ಧ ಗಂಟೆ ಸುಮ್ಮನೆ ಕುಳಿತು ಎಂಜಿನು ಆರುವವರೆಗೆ ಕಾದಿದ್ದರೆ ಏನೂ ಆಗುತ್ತಿರಲಿಲ್ಲ.

ನಾವು ತಲೆತಗ್ಗಿಸಿ ನಿಂತೆವು. ಮೇಷ್ಟ್ರು ಬಿರುಕನ್ನು ಬೆರಳಿನಿಂದ ಸವರಿ ನೋಡಿ, "ಒಡೆದದ್ದು ಒಡೆಯಿತು. ಯಾಕೆ ಒಡೆಯಿತು ಅಂತ ಆ ಪುಸ್ತಕದಲ್ಲಿ ಬರೆದಿಡಿ. ಮುಚ್ಚಿಡಬೇಡಿ" ಎಂದಷ್ಟೇ ಹೇಳಿದರು.

ಬೀಡು ಕಬ್ಬಿಣವನ್ನು ಬೆಸೆಯಬೇಕಾದರೆ ಇಡೀ ದಿಮ್ಮಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಬೆಸೆದ ಮೇಲೆ ಬಹು ನಿಧಾನವಾಗಿ ಆರಿಸಬೇಕು. ಇಲ್ಲವಾದರೆ ಪಕ್ಕದಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ. ನಾವು ಶಾಖವಿಲ್ಲದ ವಿಧಾನವನ್ನು ಆರಿಸಿಕೊಂಡೆವು. ಬಿರುಕಿನ ಉದ್ದಕ್ಕೂ ಸಾಲಾಗಿ ರಂಧ್ರ ಕೊರೆದು, ತಿರುಪಿನ ಸುತ್ತು ಕಡೆದು, ಒಂದು ಇನ್ನೊಂದರ ಅಂಚನ್ನು ಕಚ್ಚುವಂತೆ ಲೋಹದ ಮೊಳೆಗಳನ್ನು ತಿರುಗಿಸಿ ಕೂರಿಸುವುದು. ಹರಿದ ಬಟ್ಟೆಗೆ ಹೊಲಿಗೆ ಹಾಕಿದಂತೆ. ಕೆಲಸ ಬಲ್ಲ ಒಬ್ಬರು ಅದನ್ನು ಮಾಡಿಕೊಟ್ಟರು. ನೀರಿನ ಒತ್ತಡ ಕೊಟ್ಟು ಪರೀಕ್ಷಿಸಿದಾಗ ಒಂದು ಹನಿಯೂ ಸೋರಲಿಲ್ಲ.

ನೋಟುಪುಸ್ತಕದಿಂದ ಇನ್ನೆರಡು ಮಾತು

ಆ ಕಾಲದ ಬ್ರೇಕುಗಳ ಒಳಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಹಲವು ವರ್ಷಗಳ ಅನಂತರ ಮಾರಕ ರೋಗಗಳನ್ನು ತರಬಲ್ಲದು. ಆದುದರಿಂದ ಬ್ರೇಕಿನ ಡ್ರಮ್ಮುಗಳನ್ನು ಊದಿ ಚೊಕ್ಕಟಮಾಡಬಾರದು. ಧೂಳು ಏಳದಂತೆ ತೋಯಿಸಿ ಒರೆಸಬೇಕು, ತಕ್ಕ ಮುಖವಾಡವನ್ನೂ ಧರಿಸಬೇಕು. ಎರಡನೆಯದು ಪೆಟ್ರೋಲಿನ ವಿಷಯ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆಯತೊಡಗಿತು. ಹಳೆಯ ಕಾರುಗಳ ಬಿರಡೆಯ ತೇಲುಗಳಿಗೆ ಅರಗಿನ ವಾರ್ನಿಷು ಬಳಿಯುತ್ತಿದ್ದುದುಂಟು. ಅರಗು ಪೆಟ್ರೋಲಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಹಳೆಯ ರಬ್ಬರು ಕೊಳವೆಗಳೂ ಎಥೆನಾಲಿಗೆ ಮೆತ್ತಗಾಗುತ್ತವೆ. ಇವನ್ನು ಮೊದಲೇ ಬದಲಾಯಿಸದೆ ಟ್ಯಾಂಕು ತುಂಬಿಸುವುದು ಬೆಂಕಿಯೊಡನೆ ಸರಸವಾಡಿದಂತೆ.

ನಮ್ಮ ತಪ್ಪುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಿಗೆ ಮೂಲ ಒಂದೇ. ಲೋಹದ ಹಿಗ್ಗು ಕುಗ್ಗು, ಆಮ್ಲದಿಂದ ಜಲಜನಕ, ಬಿಸಿನೀರು ಮೇಲೇರುವುದು—ಇವೆಲ್ಲ ನಾವು ಪರೀಕ್ಷೆಗೆಂದು ಓದಿ, ಉತ್ತರ ಬರೆದು, ಅಂಕ ಪಡೆದಿದ್ದ ವಿಷಯಗಳೇ. ಅವು ನಮ್ಮ ತಲೆಯಲ್ಲಿದ್ದವು; ಸ್ಪ್ಯಾನರು ಹಿಡಿದ ಕೈಗೆ ಇಳಿದಿರಲಿಲ್ಲ. ಹೇಗೆ ಬಿಚ್ಚಬೇಕೆಂದು ಪ್ರತಿ ಸಲವೂ ಕೇಳಿದೆವು. ಏಕೆ ಸಿಕ್ಕಿಕೊಂಡಿದೆ, ಏಕೆ ಒತ್ತಡ ಏರಿದೆ, ಏಕೆ ಕುದಿಯುತ್ತಿದೆ ಎಂದು ಕೇಳಲಿಲ್ಲ.

ಕಾರು ಈಗ ಓಡುತ್ತದೆ. ದಿಮ್ಮಿಯ ಮೇಲಿನ ಹೊಲಿಗೆಯ ಸಾಲನ್ನು ಬಣ್ಣ ಬಳಿದು ಮರೆಮಾಡಿಲ್ಲ. ಹೊರಮೈಯ ಮೂಲ ಬಣ್ಣವನ್ನೆಲ್ಲ ನಾವು ಮೊದಲ ತಿಂಗಳಲ್ಲಿಯೇ ಉಜ್ಜಿ ಕಳೆದಿದ್ದೆವು. ಡ್ಯಾಷ್‌ಬೋರ್ಡಿನ ಹಿಂದೆ ಉಳಿದಿದ್ದ ಅಂಗೈಯಗಲದ ಭಾಗವನ್ನು ಮಾತ್ರ ಮುಟ್ಟದೆ ಬಿಟ್ಟಿದ್ದೇವೆ. 1934ರಲ್ಲಿ ಕಾರು ಯಾವ ಬಣ್ಣದಲ್ಲಿತ್ತೆಂಬುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ. ನೋಟುಪುಸ್ತಕ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿದೆ. ಮುಂದೆ ಈ ಗಾಡಿಯನ್ನು ಬಿಚ್ಚುವವರು ಮೊದಲು ಅದನ್ನು ಓದಲಿ ಎಂದು ಮೇಷ್ಟ್ರು ತಮ್ಮ ಕೈಯಿಂದಲೇ ರಟ್ಟಿನ ಮೇಲೆ ಬರೆದಿದ್ದಾರೆ.